ಕೋಟೆಯೊಳಗೆ ಬಿಡಾರ

ಗಾಣಗಾಪುರದ ದರ್ಶನ ಮುಗಿಸಿ ಫಿರೋಜಾಬಾದಿನ ಹಾಳು ಕೋಟೆಯನ್ನು ನೋಡಲು ಹೋಗಿದ್ದಾಗ ನನ್ನ ಮಿತ್ರರೊಬ್ಬರು, "ರಾಯರೆ, ಇದನ್ನೊಂದು ಒಳ್ಳೆಯ ಹೋಟೆಲು ಮಾಡಿದರೆ ಈ ಪ್ರಾಂತವೇ ಬೆಳಗೀತು" ಎಂದರು. ಮಾತು ತಳ್ಳಿಹಾಕುವಂತಹದಲ್ಲ. ರಾಜಸ್ಥಾನದ ನೀಮ್ರಾಣಾ ಕೋಟೆಯು ಹದಿನೈದನೆಯ ಶತಮಾನದ್ದು. ಪಾಳುಬಿದ್ದಿದ್ದ ಅದು 1991ರಲ್ಲಿ ಹೋಟೆಲಾಗಿ ಬಾಗಿಲು ತೆರೆಯಿತು. ವಾಸವಿರುವ ಮನೆಗೆ ಮಾಡು ಉಳಿಯುತ್ತದೆ, ಬಿಟ್ಟ ಮನೆಯಲ್ಲಿ ಜಾಲಿ ಬೆಳೆಯುತ್ತದೆ ಎಂಬುದು ನಿರ್ವಿವಾದವು.

ಆದರೆ ಕಟ್ಟಡವೂ ಒಂದು ಕೃತಿಯೇ. ಅದನ್ನು ತಿದ್ದುವ ಮೊದಲು ಓದಬೇಕಾಗುತ್ತದೆ. ಮೈಸೂರಿನ ಲಲಿತಮಹಲನ್ನು ನೋಡಿರಿ. 1921ರಲ್ಲಿ ಅದನ್ನು ಕಟ್ಟಿಸತೊಡಗಿದ್ದೇ ವೈಸರಾಯರ ಬಿಡಾರಕ್ಕಾಗಿ. 1974ರಲ್ಲಿ ಅದು ಹೋಟೆಲಾದಾಗ ಅತಿಥಿಗಳು ಬದಲಾದರೇ ಹೊರತು ಮನೆಯ ಧರ್ಮವು ಬದಲಾಗಲಿಲ್ಲ. ವಿಜಾಪುರದ ಕಥೆ ಬೇರೆ. ಅಲ್ಲಿ ಆದಿಲಶಾಹಿಯ ಒಂದು ಮಸೀದಿಯೇ ಬ್ರಿಟಿಷರ ಕಾಲದಲ್ಲಿ ಡಾಕ್ ಬಂಗಲೆಯಾಗಿದ್ದಿತು. ಕರ್ಜನ್ ಸಾಹೇಬರು ಅದನ್ನು ಅಲ್ಲಿಂದ ಹೊರಡಿಸಬೇಕಾಯಿತು. ಪ್ರಾರ್ಥನೆಯ ಸ್ಥಳದಲ್ಲಿ ಮಂಚ ಹಾಕಿ ಮಲಗಿದವರಿಗೆ ಮಸೀದಿಯ ನೆರಳು ಸಿಕ್ಕಿತು, ಮಸೀದಿಯು ಕಾಣಲಿಲ್ಲ.

ಇನ್ನು ಫಿರೋಜಾಬಾದು. ಬಹಮನಿ ಅರಸ ಫಿರೋಜಶಹನು (1397-1422) ಭೀಮೆಯ ದಂಡೆಯಲ್ಲಿ ಕಟ್ಟಿಸಿದ ಅರಮನೆಯ ಊರಿದು. ಮೂರು ಕಡೆಗೆ ದಪ್ಪ ಕಲ್ಲಿನ ಗೋಡೆ. ನಾಲ್ಕನೆಯ ಕಡೆಗೆ ಹೊಳೆಯೇ ಗೋಡೆ. ನನ್ನ ಎಣಿಕೆಯಲ್ಲಿ ಈ ರಚನೆಯ ಸೊಗಸೆಲ್ಲ ಇರುವುದು ಇಲ್ಲಿಯೇ. ಹೊಲದ ಕಡೆಯಿಂದ ಬರುವವನಿಗೆ ಅದು ದುರ್ಗ. ಒಳಗೆ ನಡೆದು, ದೊಡ್ಡ ಮಸೀದಿಯನ್ನು ದಾಟಿ, ಅರಮನೆಯ ಹಾಳುಗಳ ನಡುವೆ ಪಶ್ಚಿಮಕ್ಕೆ ಬಂದವನಿಗೆ ಒಮ್ಮೆಲೇ ನೀರು, ಬಯಲು, ಆಕಾಶ. ಮರೆಮಾಡಿ ಮರೆಮಾಡಿ ಕೊನೆಗೊಮ್ಮೆ ತೋರಿಸುವ ಈ ಬಗೆಯು ಒಳ್ಳೆಯ ಕಥನಕಾರನದು. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ನರು 1992ರಲ್ಲಿ ಈ ಊರನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ನಮ್ಮ ಜಿಲ್ಲೆಯಲ್ಲಿ ಅದನ್ನು ಬಲ್ಲವರು ವಿರಳರೆಂಬುದು ನಾಚಿಕೆಯ ಮಾತು.

ಹೋಟೆಲು ಬಂದರೆ ಮೊದಲು ಮಾರಾಟವಾಗುವುದು ಆ ಹೊಳೆಯ ನೋಟವೇ. ಪ್ರತಿಯೊಂದು ಕೋಣೆಗೂ ಒಂದೊಂದು ಕಿಟಕಿಯಂತೆ ಹಂಚಲ್ಪಟ್ಟು, ಬಂದ ಗಳಿಗೆಯಲ್ಲಿಯೇ ಕೈಗೆ ಸಿಕ್ಕುವ ನೋಟಕ್ಕೆ ಆ ಬೆರಗು ಉಂಟೆ? ಹಮಾಮಿನ ಗುಮ್ಮಟಗಳ ಕೆಳಗೆ ನಳಗಳು ಬಂದಾವು, ಗಾರೆಯ ಮೇಲೆ ಬಣ್ಣ ಬಂದೀತು. ಕಲ್ಲುಗಳು ಉಳಿದಾವು, ವಾಕ್ಯವು ಕೆಟ್ಟೀತು.

ಇದೇ ಭೀಮೆಯ ಮೇಲ್ಗಡೆಗೆ, ಅಮರಜಾ ಸಂಗಮದಲ್ಲಿ, ಪಾಂಥಸ್ಥನು ಬೇರೆ ರೀತಿಯಿಂದ ಇಳಿದುಕೊಳ್ಳುತ್ತಾನೆ. ಗಾಣಗಾಪುರಕ್ಕೆ ಬಂದ ಶ್ರೀಮಂತನೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾನೆ. ಕೋಟೆಯ ಹೋಟೆಲಿನಲ್ಲಿ ಗುಮಾಸ್ತನು ಒಂದು ರಾತ್ರಿಗೆ ದೊರೆಯಾಗುತ್ತಾನೆ. ಇಲ್ಲಿ ದೊರೆಯು ಒಂದು ಮಧ್ಯಾಹ್ನಕ್ಕೆ ಭಿಕ್ಷುಕನಾಗುತ್ತಾನೆ. ಎರಡೂ ವೇಷಗಳೇ ಎಂದು ಮಿತ್ರರು ನಕ್ಕರು. ಇರಬಹುದು, ಆದರೆ ಎರಡನೆಯದಕ್ಕೆ ಊರಿನ ಗೋಡೆಗಳನ್ನು ಕೆಡವಬೇಕಾಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಗೋಡೆಯೊಳಗಿನ ಜಾಲಿಯನ್ನು ಕಡಿಸಿ, ಬಿರಿದ ಕಮಾನುಗಳಿಗೆ ಆಸರೆ ಕೊಡಿಸಲಿ, ಬಿಡಾರ ಬೇಕಾದರೆ ಕೋಟೆಯ ಹೊರಗೆ, ಜೇವರ್ಗಿಯ ದಾರಿಯಲ್ಲಿ ಕಟ್ಟಲಿ. ಮಿತ್ರರು ಒಪ್ಪಲಿಲ್ಲ. ಬಿಸಿಲಿಗೆ ಬಂದವನಿಗೆ ಒಳಗೆ ಕುಡಿಯುವ ನೀರಾದರೂ ಬೇಡವೆ ಎಂದರು. ಅದನ್ನು ಮಾತ್ರ ನಾನು ಒಪ್ಪಿಕೊಂಡೆನು.