ಊರುಗೋಲಿನ ಹುಡುಗನೂ ಮೂಡಲಪಾಯದ ಭಾಗವತರೂ



"ಮಕ್ಕಳಿಗೆ ಮೊಝಾರ್ಟನ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತದಂತೆ, ಹೌದೇ ಸ್ವಾಮಿ?" ಎಂದು ಕೇಳುವ ತಂದೆತಾಯಿಗಳನ್ನು ನಮ್ಮ ಧರ್ಮಕೇಂದ್ರಗಳಲ್ಲಿ ನೀವೂ ಕಂಡಿರುತ್ತೀರಿ. ಈ ನಂಬಿಕೆಗೆ ಒಂದು ಮೂಲವಿದೆ. 1993ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪಿಯಾನೋಗಳಿಗಾಗಿ ಮೊಝಾರ್ಟ್ ರಚಿಸಿದ ಸೊನಾಟಾವನ್ನು ಹತ್ತು ನಿಮಿಷ ಕೇಳಿಸಿ, ಅನಂತರ ಆಕೃತಿಗಳನ್ನು ಗುರುತಿಸುವ ಒಂದು ಬಗೆಯ ಪರೀಕ್ಷೆ ನಡೆಸಿದರು. ಅಂಕಗಳು ತುಸು ಏರಿದವು. ಆ ಏರಿಕೆ ಉಳಿದದ್ದು ಹತ್ತು ಹದಿನೈದು ನಿಮಿಷ ಮಾತ್ರ. ಪರೀಕ್ಷೆಗೆ ಕುಳಿತವರಲ್ಲಿ ಮಕ್ಕಳು ಯಾರೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರರು, ಹುಟ್ಟಿದ ಪ್ರತಿ ಕೂಸಿನ ಮನೆಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕಳುಹಿಸಲು ಸರ್ಕಾರದಿಂದ 1,05,000 ಡಾಲರ್ ಕೇಳಿದರು! ಮಗುವಿಗೆ ಹರಳೆಣ್ಣೆ ಕುಡಿಸುವಂತೆ ಸಂಗೀತವನ್ನು ಕುಡಿಸುವ ಈ ಕ್ರಮವನ್ನು ನಾನು ಒಪ್ಪಲಾರೆ. ಲಾಭಕ್ಕೆಂದು ಕೇಳಿಸಿದ ಸಂಗೀತವು, ಲಾಭ ಕಾಣದಾದ ದಿನ ನಿಂತುಹೋಗುತ್ತದೆ.

ಸಂಗೀತವನ್ನು ಸಂಗೀತಕ್ಕಾಗಿಯೇ ಪ್ರೀತಿಸಿದವರು ನಮ್ಮ ನಾಡಿನಲ್ಲಿದ್ದರು. ಮೈಸೂರಿನ ಜಯಚಾಮರಾಜ ಒಡೆಯರು ಯೌವನದಲ್ಲಿ ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದವರು. 1940ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪನವರೂ ತೀರಿಕೊಂಡು, ಸಿಂಹಾಸನವೇರಬೇಕಾಗಿ ಬಂದದ್ದರಿಂದ ಆ ಹಂಬಲ ಅಲ್ಲಿಗೇ ನಿಂತಿತು, ಪ್ರೀತಿ ನಿಲ್ಲಲಿಲ್ಲ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಕಾರ ಮೆಡ್ನರ್ ತನ್ನ ಕೃತಿಗಳನ್ನು ಮುದ್ರಿಸಿಡಲು ಧನಸಹಾಯ ಮಾಡಿದವರು ಇವರು. ಮೆಡ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಇವರಿಗೇ ಅರ್ಪಿಸಿದ್ದಾನೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ, ಆ ಕಛೇರಿಯ ಖರ್ಚಿಗೆ ಭರವಸೆ ಕೊಟ್ಟದ್ದು ಮೈಸೂರು. ಇದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ತೊರೆಯಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಆ ಪ್ರೀತಿಯ ದಾರಿ ಮೈಸೂರಿನಿಂದ ಲಂಡನ್ನಿನವರೆಗೆ ಹೋಯಿತು, ಕಡೂರಿನವರೆಗೆ ಬರಲಿಲ್ಲ. ಅರಮನೆಯ ಪಿಯಾನೋ ಹಳ್ಳಿಯ ಹುಡುಗನಿಗೆ ತಲುಪಬೇಕಾದರೆ, ಆ ಹುಡುಗನ ಕಿವಿ ಮೊದಲೇ ಅರಿತಿರುವ ಯಾವುದೋ ಒಂದು ಬಾಗಿಲು ಬೇಕು.

ಆ ಬಾಗಿಲು ನಮ್ಮ ಬಯಲುಸೀಮೆಯಲ್ಲಿ ಇದ್ದೇ ಇದೆ. ಒಪೆರಾ ಎಂದರೆ ಆಡುವ ಮಾತನ್ನೆಲ್ಲ ಹಾಡಾಗಿಸಿದ ನಾಟಕ. ನಮ್ಮ ಮೂಡಲಪಾಯ ಯಕ್ಷಗಾನ, ಅಂದರೆ ಹಿರಿಯರ ಬಾಯಲ್ಲಿ 'ದೊಡ್ಡಾಟ', ಇದರಿಂದ ಬಹು ದೂರವೇನೂ ಇಲ್ಲ. ಭಾಗವತರು ಪದ ಎತ್ತುತ್ತಾರೆ, ಹಿಮ್ಮೇಳ ಅದನ್ನು ಹಿಡಿಯುತ್ತದೆ, ಮುಖವೀಣೆ ದನಿಯ ಹಿಂದೆಯೇ ಏರುತ್ತದೆ, ಮದ್ದಲೆ ಹೆಜ್ಜೆಯನ್ನು ಕಾಯುತ್ತದೆ. ಕಿರೀಟ, ಭುಜಕೀರ್ತಿ ತೊಟ್ಟು ಬಂದ ವೇಷಧಾರಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಾನೆ. ನಡುನಡುವೆ ಕೋಡಂಗಿ ಬಂದು ನಗಿಸುತ್ತಾನೆ. ಈ ಕಲೆ ಅಳಿಯಬಾರದೆಂದು ವಿದ್ವಾಂಸರಾದ ಜೀಶಂಪ ಅವರು ತಿಪಟೂರು ಬಳಿಯ ಕೋನೇಹಳ್ಳಿಯಲ್ಲಿ ತರಬೇತಿಗೆ ನೆಲೆ ಕಲ್ಪಿಸಿ ದುಡಿದದ್ದು ಸಣ್ಣ ಕೆಲಸವಲ್ಲ. ದೊಡ್ಡಾಟವನ್ನು 'ಹಳ್ಳಿಗರ ಗದ್ದಲ' ಎಂದು ಮೂಗು ಮುರಿಯುತ್ತ, ಮಕ್ಕಳನ್ನು ಮಾತ್ರ ಕೀಬೋರ್ಡ್ ತರಗತಿಗೆ ಸೇರಿಸುವ ಮನೆಗಳನ್ನು ಕಂಡಾಗ, ಮನೆಯ ಬೀಗದ ಕೈಯನ್ನು ಬಾವಿಗೆ ಎಸೆದು ಬಾಗಿಲು ತಟ್ಟುತ್ತಿದ್ದಾರೆ ಎನಿಸುತ್ತದೆ.

ಹಾಗಾದರೆ ಯಾವ ಕೃತಿಯಿಂದ ತೊಡಗಬೇಕು? ನಾನು ಹೇಳುವುದು ಜಾನ್ ಕಾರ್ಲೊ ಮೆನೊಟ್ಟಿ ಬರೆದ 'ಅಮಾಲ್ ಆ್ಯಂಡ್ ದ ನೈಟ್ ವಿಸಿಟರ್ಸ್'. ಒಂದೇ ಅಂಕ, ಹೆಚ್ಚೆಂದರೆ ಐವತ್ತು ನಿಮಿಷ. 1951ರ ಡಿಸೆಂಬರ್ 24ರಂದು ಅಮೆರಿಕದ ಎನ್‌ಬಿಸಿ ದೂರದರ್ಶನದಲ್ಲಿ ಮೊದಲು ಪ್ರಸಾರವಾದ, ದೂರದರ್ಶನಕ್ಕೆಂದೇ ರಚಿತವಾದ ಒಪೆರಾ ಇದು. ಬಾಷ್ ಎಂಬ ಚಿತ್ರಕಾರನ, ಬಾಲಯೇಸುವನ್ನು ಆರಾಧಿಸುವ ಮೂವರು ರಾಜರ ಚಿತ್ರವನ್ನು ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿ ಕಂಡಾಗ ಮೆನೊಟ್ಟಿಗೆ ಈ ಕಥೆ ಹೊಳೆಯಿತು. ಬಾಲ್ಯದಲ್ಲಿ ಅವನ ಕಾಲೂ ಊನವಾಗಿತ್ತು.

ಕಥೆ ಸರಳ. ಕುಂಟ ಹುಡುಗ ಅಮಾಲ್, ಅವನ ವಿಧವೆ ತಾಯಿ. ಮನೆಯಲ್ಲಿ ಒಲೆ ಉರಿಸಲೂ ಗತಿಯಿಲ್ಲ. ನಕ್ಷತ್ರವನ್ನು ಹಿಂಬಾಲಿಸಿ ಹೊರಟ ಮೂವರು ರಾಜರು ಅಂದಿನ ಇರುಳು ಆ ಗುಡಿಸಲಿನಲ್ಲಿ ತಂಗುತ್ತಾರೆ. ಎಲ್ಲರೂ ಮಲಗಿದಾಗ ತಾಯಿ ಅವರ ಚಿನ್ನಕ್ಕೆ ಕೈ ಹಾಕಿ ಸಿಕ್ಕಿಬೀಳುತ್ತಾಳೆ. ಚಿನ್ನವನ್ನು ನೀನೇ ಇಟ್ಟುಕೋ, ನಾವು ಅರಸುವ ಕೂಸಿಗೆ ಇದರ ಅಗತ್ಯವಿಲ್ಲ ಎನ್ನುತ್ತಾನೆ ಮೆಲ್ಕಿಯೋರ್. ಆಕೆ ಹಿಂದಿರುಗಿಸುತ್ತಾಳೆ. ಅಮಾಲ್ ತನ್ನಲ್ಲಿದ್ದ ಒಂದೇ ವಸ್ತುವನ್ನು, ತಾನೇ ಮಾಡಿದ ಊರುಗೋಲನ್ನು, ಕಾಣಿಕೆಯಾಗಿ ಮುಂದೆ ಚಾಚುತ್ತಾನೆ. ಚಾಚಿದವನು ಊರುಗೋಲಿಲ್ಲದೆ ನಡೆಯುತ್ತಿದ್ದಾನೆ.

ಪಂಚನಹಳ್ಳಿಯ ಕಡೆಯ ಹತ್ತು ಹನ್ನೆರಡು ಮಕ್ಕಳೊಂದಿಗೆ ಒಂದು ಬೇಸಿಗೆಯ ಸಂಜೆ ಇದನ್ನು ನೋಡಿದೆ. ಇಂಗ್ಲಿಷಿನ ಹಾಡು ಅವರಿಗೆ ತಿಳಿಯದೆಂದು ಮೊದಲೇ ಇಡೀ ಕಥೆಯನ್ನು, ಊರುಗೋಲಿನ ಕೊನೆಯನ್ನೂ ಮುಚ್ಚಿಡದೆ, ಕನ್ನಡದಲ್ಲಿ ಹೇಳಿದ್ದೆ. ಕೊನೆ ತಿಳಿದರೆ ಸ್ವಾರಸ್ಯ ಕೆಡುತ್ತದೆಂಬುದು ಪತ್ತೇದಾರಿ ಕಾದಂಬರಿಯ ನಿಯಮ. ದೊಡ್ಡಾಟ ನೋಡಲು ಬಂದವನಿಗೆ ಕರ್ಣ ಸಾಯುತ್ತಾನೆಂಬುದು ಗೊತ್ತಿಲ್ಲವೇ? ಹಿಂದೆ ಕುಳಿತಿದ್ದ, ಒಂದು ಕಾಲಕ್ಕೆ ವೇಷ ಕಟ್ಟುತ್ತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತಿನ ಮೇಲೆ, "ಎಲ್ಲಾ ಸರಿ ಸ್ವಾಮಿ, ಭಾಗವತರು ಎಲ್ಲವ್ರೆ?" ಎಂದು ಕೇಳಿದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಪುಸ್ತಕಗಳಲ್ಲಿ ಓದಿಲ್ಲ. ನಮ್ಮಲ್ಲಿ ಕಥೆಯನ್ನು ನಡೆಸುವವನು ಕಣ್ಣೆದುರಿಗೇ ಇರುತ್ತಾನೆ; ಒಪೆರಾದಲ್ಲಿ ಆ ಕೆಲಸವನ್ನು ಕಾಣದ ವಾದ್ಯವೃಂದ ಮಾಡುತ್ತದೆ. ರಾಜರು ದೂರದಲ್ಲಿರುವಾಗಲೇ ಅವರ ನಡಿಗೆಯ ತಾಳ ನಮಗೆ ಕೇಳುತ್ತದೆ. ಅಲ್ಲಿಂದ ಮುಂದೆ ಆ ಮಕ್ಕಳು ವಾದ್ಯಗಳತ್ತ ಕಿವಿಗೊಟ್ಟರು.

ಇನ್ನೊಂದು ಪ್ರಶ್ನೆ ಏಳನೆಯ ತರಗತಿಯ ಹುಡುಗಿಯದು: "ರಾಜರೂ ಅವ್ವನೂ ಯಾಕೆ ಒಂದೇ ರಾಗ ಹಾಡ್ತಾರೆ?" ಆಕೆ ಹಿಡಿದದ್ದು ಕೃತಿಯ ನಡುಗಂಬವನ್ನು. ರಾಜರು ತಾವು ಅರಸುವ ಕೂಸನ್ನು ಬಣ್ಣಿಸುತ್ತಾರೆ: ಅದರ ಮೈಬಣ್ಣ, ಕಣ್ಣು, ಕೈ. ತಾಯಿ ಅದೇ ಧಾಟಿಯಲ್ಲಿ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ಅಂಥ ಕೂಸನ್ನು ನಾನೂ ಬಲ್ಲೆ ಎನ್ನುತ್ತಾಳೆ. ಅವಳ ಮನಸ್ಸಿನಲ್ಲಿರುವುದು ಹಸಿದು ಮಲಗುವ ಅಮಾಲ್. ಬರಿಯ ನಾಟಕದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಗೊಂದಲ. ಹಾಡಿನಲ್ಲಿ ಮಾತ್ರ ಎರಡು ಕೂಸುಗಳು ಒಂದೇ ರಾಗದೊಳಗೆ ಕೂಡಿ ನಿಲ್ಲಬಲ್ಲವು. 'ಈ ನನ್ನ ಅತ್ಯಲ್ಪ ಸಹೋದರರಲ್ಲಿ' ಎಂದು ಪ್ರಭುವು ಹೇಳಿದ್ದನ್ನು ಪ್ರಬೋಧನೆಯಿಲ್ಲದೆಯೇ ಮೆನೊಟ್ಟಿ ಕಿವಿಗೆ ಮುಟ್ಟಿಸಿದ್ದಾನೆ.

ಕೃತಿಯಲ್ಲಿ ಎಲ್ಲವೂ ಮೇಲ್ಮಟ್ಟದ್ದೆಂದು ನಾನು ಹೇಳುವುದಿಲ್ಲ. ಕುರಿಗಾಹಿಗಳ ಕುಣಿತ ಉದ್ದವಾಯಿತು. ಕಥೆ ಅಲ್ಲಿ ಬಾಗಿಲ ಹೊರಗೆ ಕಾಯುತ್ತ ನಿಲ್ಲುತ್ತದೆ. ಕಿವಿ ಮಂದವಾದ ಗಾಸ್ಪರ ರಾಜನ ಹಾಸ್ಯ ಮೊದಲ ಸಲ ಚೆನ್ನು, ಎರಡನೆಯ ಸಲ ಹಳತು. ಆದರೆ ಎಲ್ಲರೂ ನಿದ್ರಿಸುವಾಗ ತಾಯಿಯೊಬ್ಬಳೇ ಚಿನ್ನವನ್ನು ನೋಡುತ್ತ ಹಾಡುವ ಹಾಡು ಯಾವ ದೊಡ್ಡ ಒಪೆರಾಕ್ಕೂ ಸರಿಸಾಟಿ. ಕಳ್ಳತನವನ್ನು ಅದು ಸಮರ್ಥಿಸುವುದಿಲ್ಲ. ಕದಿಯುವವಳ ಹಸಿವಿನತ್ತ ನಮ್ಮನ್ನು ತಿರುಗಿಸಿ ನಿಲ್ಲಿಸುತ್ತದೆ.

ಅಮಾಲನ ಪಾತ್ರವನ್ನು ಹುಡುಗನೇ ಹಾಡಬೇಕು, ಹೆಂಗಸರು ಹಾಡಕೂಡದು ಎಂದು ಮೆನೊಟ್ಟಿ ಷರತ್ತು ವಿಧಿಸಿದ್ದ. ಆ ಎಳೆಯ ದನಿಯನ್ನು ಕೇಳುವಾಗ ನಮ್ಮ ಗಾನವೃಂದಗಳು ನೆನಪಾದವು. ಮೈಕು, ಕೀಬೋರ್ಡಿನ ಸಿದ್ಧ ತಾಳ, ಅವುಗಳ ಅಡಿಯಲ್ಲಿ ಮಕ್ಕಳ ದನಿ. ಬಿಡಿದನಿ ಹೇಗಿರುತ್ತದೆಂದು ಹಾಡುವ ಮಕ್ಕಳಿಗೇ ತಿಳಿಯದು. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ದೈವಾರಾಧನೆಯ ಸಂವಿಧಾನವು ಗ್ರೆಗೋರಿಯನ್ ಗಾನಕ್ಕೂ ಮೊದಲ ಸ್ಥಾನ ಕೊಟ್ಟಿತು, ಆಯಾ ಜನರ ಸ್ವಂತ ಸಂಗೀತ ಪರಂಪರೆಗೂ ಗೌರವ ಸಲ್ಲಬೇಕೆಂದಿತು. ಕೀಬೋರ್ಡಿನ ಸಿದ್ಧ ತಾಳ ಈ ಎರಡರಲ್ಲಿ ಯಾವುದು? ತಿಂಗಳಿಗೊಂದು ಭಾನುವಾರ ಅದನ್ನು ಮುಚ್ಚಿಟ್ಟು, ಮಕ್ಕಳಿಂದ ಒಂದೇ ಒಂದು ಗೀತೆಯನ್ನು ಬರಿಯ ಬಾಯಲ್ಲಿ ಹಾಡಿಸಿ ನೋಡಿ.

ಅಮಾಲನನ್ನು ಕನ್ನಡದಲ್ಲಿ ಹಾಡಿಸಬಾರದೇ ಎಂದು ಕೆಲವರು ಕೇಳಿದರು. ಹಕ್ಕುದಾರರ ಅನುಮತಿಯ ಮಾತು ಹಾಗಿರಲಿ, ತೊಡಕು ಬೇರೆಯದೇ ಇದೆ. ಮೆನೊಟ್ಟಿಯ ರಾಗ ಇಂಗ್ಲಿಷ್ ಮಾತಿನ ಏರಿಳಿತಕ್ಕೆ ಅಂಟಿಕೊಂಡಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅವನ ರಾಗ ಎತ್ತರಕ್ಕೇರಿ 'ಕೂಸು' ಎನ್ನುವಲ್ಲಿ ನಮ್ಮದು 'ಇದೆ' ಎಂದೋ 'ಕಂಡಿರಾ' ಎಂದೋ ನಿಲ್ಲಬೇಕಾಗುತ್ತದೆ. ಹ್ರಸ್ವ ದೀರ್ಘಗಳು ಬೇರೆ ಕಾಡುತ್ತವೆ. ಪು.ತಿ.ನ. ಅವರ ಗೇಯನಾಟಕ 'ಗೋಕುಲ ನಿರ್ಗಮನ' ಕಿವಿಗೆ ಅಷ್ಟು ಸಹಜವಾಗಿ ಕೇಳುವುದು ಅವರು ಮಾತನ್ನೂ ಧಾಟಿಯನ್ನೂ ಕೂಡಿಸಿಯೇ ಕಂಡದ್ದರಿಂದ, ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದಾಗ ಕನ್ನಡ ಹಾಡಿನಲ್ಲೇ ಇಡೀ ನಾಟಕ ನಿಲ್ಲಬಲ್ಲದೆಂಬುದು ಎಲ್ಲರಿಗೂ ಕಂಡಿತು. ಆದ್ದರಿಂದ ಅನುವಾದಕ್ಕಿಂತ, ಮೂವರು ರಾಜರ ಪ್ರಸಂಗವನ್ನು ನಮ್ಮದೇ ಪದಗಳಲ್ಲಿ ಹೊಸದಾಗಿ ಕಟ್ಟುವುದು ಮೇಲು. ಭಾಗವತರೂ ಮುಖವೀಣೆಯವರೂ ಬಯಲುಸೀಮೆಯಲ್ಲಿ ಇನ್ನೂ ಇದ್ದಾರೆ. ಕ್ರಿಸ್ತ ಜಯಂತಿಗೆ ಸಿದ್ಧವಾಗಬೇಕಾದರೆ ಸುಗ್ಗಿಯ ಕೆಲಸ ತೊಡಗುವ ಮೊದಲೇ ಅವರನ್ನು ಕಾಣಬೇಕು.