51ನೆಯ ಕೀರ್ತನೆಯ ಶುದ್ಧಿಪ್ರಾರ್ಥನೆ

ಕ್ರೈಸ್ತ ಭಕ್ತನು ತನ್ನ ಪಾಪವನ್ನು ನೆನೆದು ದೇವರ ಮುಂದೆ ಬಾಗುವಾಗ ಅವನ ನಾಲಗೆಗೆ ಬರುವ ಮಾತುಗಳು ಬಹುಮಟ್ಟಿಗೆ 51ನೆಯ ಕೀರ್ತನೆಯವು. 430ರಲ್ಲಿ, ಹಿಪ್ಪೋ ನಗರವನ್ನು ವೈರಿಗಳು ಮುತ್ತಿದ್ದ ಕಾಲದಲ್ಲಿ, ಮರಣಶಯ್ಯೆಯಲ್ಲಿದ್ದ ಸಂತ ಅಗಸ್ಟೀನನು ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಎದುರಿನ ಗೋಡೆಗೆ ತೂಗಹಾಕಿಸಿ, ಓದಿ ಓದಿ ಕಣ್ಣೀರಿಟ್ಟನೆಂದು ಅವನ ಚರಿತ್ರೆಯನ್ನು ಬರೆದ ಪೊಸಿಡಿಯಸನು ಹೇಳುತ್ತಾನೆ. ಆ ವರ್ಗದ ಏಳು ಕೀರ್ತನೆಗಳಲ್ಲಿ ಇದೇ ಶಿಖರಪ್ರಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಇದರಲ್ಲಿ ನನ್ನನ್ನು ಬಹುಕಾಲ ನೋಯಿಸಿದ ಕೊರತೆಯೊಂದೂ ಉಂಟು.

ಶಿಖರಪ್ರಾಯವೆಂದುದಕ್ಕೆ ಕಾರಣ ಅದರ ಕ್ರಿಯಾಪದಗಳಲ್ಲಿದೆ. ತೊಳೆಯೆಂದು ನಾವು ಕನ್ನಡದಲ್ಲಿ ಓದುವೆಡೆಯಲ್ಲಿ ಇಬ್ರಿಯ ಮೂಲವು ಬಳಸಿರುವ ಶಬ್ದವು ಮೈ ತೊಳೆಯುವುದಕ್ಕೆ ಸಲ್ಲುವಂಥದಲ್ಲ, ಬಟ್ಟೆಯನ್ನು ತುಳಿದು ಒಗೆಯುವುದಕ್ಕೆ ಸಲ್ಲುವಂಥದು. ಕೊಳೆಯು ನೂಲಿನ ಎಳೆಯೊಳಗೇ ಇಳಿದಿದೆಯೆಂದು ಬಲ್ಲವನು ಮಾತ್ರವೆ ತನ್ನನ್ನು ಹೀಗೆ ಅಗಸನ ಕಲ್ಲಿಗೆ ಒಪ್ಪಿಸಬಲ್ಲನು. ಕುಷ್ಠರೋಗಿಯ ಶುದ್ಧಿಕರ್ಮದಲ್ಲಿ ರಕ್ತಪ್ರೋಕ್ಷಣೆಗೆ ಬಳಸುತ್ತಿದ್ದ ಹಿಸ್ಸೋಪಿನ ಕುಡಿಯನ್ನು ಬೇಡುವಾಗ ಅರಸನಾದ ದಾವೀದನು ತಾನೂ ಪಾಳೆಯದ ಹೊರಗೆ ನಿಂತವನೆಂದು ಒಪ್ಪಿಕೊಳ್ಳುತ್ತಾನೆ. ಇಷ್ಟಕ್ಕೂ ಅವನಿಗೆ ತೃಪ್ತಿಯಿಲ್ಲ. ದೇವರು ಭೂಮ್ಯಾಕಾಶಗಳನ್ನು ಸೃಷ್ಟಿಸಿದನೆನ್ನುವ ಬೈಬಲಿನ ಮೊದಲ ವಾಕ್ಯದಲ್ಲಿ ಬಂದ, ದೇವರೊಬ್ಬನೇ ಕರ್ತೃವಾಗಿ ಬರುವ ಕ್ರಿಯಾಪದವನ್ನೇ 10ನೆಯ ವಚನದಲ್ಲಿ ಎತ್ತಿಕೊಂಡು, ತನ್ನೊಳಗೆ ಹೊಸ ಹೃದಯದ ಸೃಷ್ಟಿಯನ್ನೇ ಬೇಡುತ್ತಾನೆ. ಒಗೆತದಿಂದ ಸೃಷ್ಟಿಗೆ ಏರುವ ಈ ನಡೆಯಲ್ಲಿ ಕ್ರೈಸ್ತ ಶ್ರದ್ಧೆಯ ಮರ್ಮವಡಗಿದೆ: ಹಳೆಯ ಹೃದಯವನ್ನು ಎಷ್ಟು ಉಜ್ಜಿದರೂ ಸಾಲದು, ಹೊಸದು ಕೃಪೆಯಿಂದಲೇ ಬರಬೇಕು.

ನನಗೆ ತೊಡಕಾದುದು 4ನೆಯ ವಚನ. ಅಪರಾಧವು ದೇವರೊಬ್ಬನಿಗೆ ವಿರುದ್ಧವಾದುದೆಂದು ಅಲ್ಲಿ ಹೇಳಿದೆ. ಹಾಗಾದರೆ ಊರೀಯನ ಪಾಡೇನು? ಯಾರ ಹೆಂಡತಿಯನ್ನು ಅರಸನು ಅಪಹರಿಸಿದನೋ, ಯಾರ ಮರಣಾಜ್ಞೆಯ ಪತ್ರವನ್ನು ಅವನ ಕೈಯಲ್ಲಿಯೇ ಕೊಟ್ಟು ದಂಡಿಗೆ ಕಳುಹಿಸಿದನೋ, ಆ ಹಿತ್ತಿಯ ಯೋಧನ ಹೆಸರು ಕೀರ್ತನೆಯಲ್ಲಿಯೂ ಇಲ್ಲ, ಪ್ರವಾದಿ ನಾತಾನನನ್ನೂ ಆ ಹೆಂಡತಿಯಾದ ಬತ್ಷೆಬೆಯನ್ನೂ ಹೆಸರಿಸುವ ಅದರ ಶಿರೋಲೇಖದಲ್ಲಿಯೂ ಇಲ್ಲ. ಸಕಲ ಪಾಪವೂ ಕಡೆಗೆ ದೇವದ್ರೋಹವೇ ಎಂಬ ವ್ಯಾಖ್ಯಾನಕಾರರ ಸಮಾಧಾನವನ್ನು ನಾನು ಅಲ್ಲಗಳೆಯೆನು. ಆದರೂ ನೊಂದವನನ್ನು ಮರೆತು ಬೇಡುವ ಶುದ್ಧಿಯು ಬೇಡುವವನ ನೆಮ್ಮದಿಯ ಸಾಧನವಾಗಿ ಇಳಿದುಬಿಡುವ ಅಪಾಯ ಸಣ್ಣದಲ್ಲ. ನಾತಾನನು ಹೇಳಿದ, ಬಡವನಿಂದ ಕಸಿದ ಕುರಿಮರಿಯ ಕಥೆಯನ್ನು ಕೇಳಿ ನಾಲ್ಕರಷ್ಟು ತೆರಬೇಕೆಂದು ತೀರ್ಪಿತ್ತವನು ಈ ದಾವೀದನೇ. ಶತಮಾನಗಳ ಮೇಲೆ ಆ ದಂಡವನ್ನು ತನಗೆ ತಾನೇ ವಿಧಿಸಿಕೊಂಡವನು ಯೆರಿಕೋವಿನ ಸುಂಕದ ಜಕ್ಕಾಯ. ಕೀರ್ತನೆಯ 14ನೆಯ ವಚನದಲ್ಲಿ, ರಕ್ತಾಪರಾಧದಿಂದ ಬಿಡುಗಡೆಯನ್ನು ಬೇಡುವಾಗ ಮಾತ್ರ, ಸತ್ತವನ ನೆರಳು ಹೆಸರಿಲ್ಲದೆ ಒಮ್ಮೆ ಸುಳಿಯುತ್ತದೆ.

ಬೂದಿ ಬುಧವಾರದಂದು ಇದನ್ನು ಹಾಡುವವರು ಸಮುವೇಲನ ಎರಡನೆಯ ಗ್ರಂಥದ 11ನೆಯ ಅಧ್ಯಾಯವನ್ನು ಮೊದಲು ಓದಿಕೊಳ್ಳಲೆಂಬುದು ನನ್ನ ಬಿನ್ನಹ. ಕೀರ್ತನೆಯು ಹೇಳದೆ ಬಿಟ್ಟ ಹೆಸರನ್ನು ಹೊಸ ಒಡಂಬಡಿಕೆಯು ಬಿಡಲಿಲ್ಲ: ಮತ್ತಾಯನು ತನ್ನ ಮೊದಲ ಅಧ್ಯಾಯದ ವಂಶಾವಳಿಯಲ್ಲಿ ಸೊಲೊಮೋನನ ತಾಯಿಯನ್ನು, ಬತ್ಷೆಬೆಯೆನ್ನದೆ, ಊರೀಯನ ಹೆಂಡತಿಯೆಂದೇ ಬರೆದಿದ್ದಾನೆ.