ಕಾಗದದ ನಿರಿಗೆಯೂ ಶಿಲ್ಪಧರ್ಮವೂ

ಜಪಾನಿನಲ್ಲಿ ಬೆಳೆದ ಒರಿಗಾಮಿಯನ್ನು, ಎಂದರೆ ಕಾಗದವನ್ನು ಮಡಿಸಿ ರೂಪಗಳನ್ನು ರಚಿಸುವ ವಿದ್ಯೆಯನ್ನು, ಬಾಲವಿನೋದವೆಂದು ಎಣಿಸುವುದು ರೂಢಿ. ಆದರೆ ಒಂದೇ ಹಾಳೆಗೆ ಸಾಲುಸಾಲಾಗಿ ನಿರಿಗೆ ಹಿಡಿದು ಮಾಡಿದ ಕೃತಿಗಳಿಗೆ ಶಿಲ್ಪವೆಂಬ ಹೆಸರು ಸಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಶಿಲ್ಪಕ್ಕೆ ಎರಡು ಮಾರ್ಗಗಳು ಪ್ರಸಿದ್ಧವಾಗಿವೆ. ಹೇಮಗುಡ್ಡವಿರುವ ಕೊಪ್ಪಳ ಸೀಮೆಯೊಂದರಲ್ಲಿಯೇ ಇವೆರಡಕ್ಕೂ ನಿದರ್ಶನಗಳುಂಟು. 1112ರಲ್ಲಿ ಚಾಲುಕ್ಯ ದಂಡನಾಯಕನಾದ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯದ ಶಿಲ್ಪಿಗಳು ಕಲ್ಲಿನಿಂದ ಬೇಡವಾದುದನ್ನು ಕಳೆದು ರೂಪವನ್ನು ಪಡೆದರು. ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಮೇಲೆ ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟವನ್ನು ಮೆತ್ತಿ ರೂಪವನ್ನು ಬೆಳೆಸುತ್ತಾರೆ. ಮೊದಲನೆಯದು ಕಳೆಯುವ ಮಾರ್ಗ. ಎರಡನೆಯದು ಕೂಡಿಸುವ ಮಾರ್ಗ. ನಿರಿಗೆಯ ಶಿಲ್ಪದಲ್ಲಿ ಕಳೆಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ನಿರಿಗೆಯ ಮೇಲೆ ನಿರಿಗೆ ಹಾಯ್ದಲ್ಲಿ ಪದರಗಳು ದಪ್ಪವಾಗುತ್ತವೆ. ಆ ಸೆಳೆತಕ್ಕೆ ಚಪ್ಪಟೆಯ ಹಾಳೆಯು ತಾನೇ ಬಾಗಿ ಮೇಲೇಳುತ್ತದೆ.

ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಜೋಸೆಫ್ ಆಲ್ಬರ್ಸನ ಶಿಷ್ಯರು 1927-28ರಲ್ಲಿಯೇ ಏಕಕೇಂದ್ರದ ವೃತ್ತಗಳನ್ನು ಒಂದು ಉಬ್ಬಾಗಿ, ಒಂದು ತಗ್ಗಾಗಿ ಮಡಿಸಿ ಇದನ್ನು ಪರೀಕ್ಷಿಸಿದ್ದರು. ವೃತ್ತಗಳ ಬದಲು ಚೌಕಗಳನ್ನು ಮಡಿಸಿದರೆ ಹಾಳೆಯು ಕುದುರೆಯ ಜೀನಿನ ಆಕಾರವನ್ನು ತಾಳುತ್ತದೆ. ಆದರೆ ಆ ಮಡಿಕೆಗಳಷ್ಟರಿಂದಲೇ ಅಂತಹ ಆಕಾರವು ಸಿದ್ಧಿಸಲಾರದೆಂದೂ, ಕಾಗದವು ನಡುನಡುವೆ ಬೇರೆ ಗೆರೆಗಳನ್ನು ಪಡೆಯಲೇಬೇಕೆಂದೂ 2009ರಲ್ಲಿ ಎರಿಕ್ ಡೆಮೇನ್ ಮೊದಲಾದ ಗಣಿತಜ್ಞರು ತೋರಿಸಿದರು. ಕೈ ಎಳೆಯದ ಗೆರೆಯನ್ನು ದ್ರವ್ಯವೇ ಎಳೆದುಕೊಳ್ಳುತ್ತದೆಂದಾಯಿತು.

ಹಾಗಾದರೆ ರೂಪವು ಕಾಗದದ್ದು. ಕಲಾವಿದನ ಪಾಲೇನು ಎಂದು ಆಕ್ಷೇಪಿಸಬಹುದು. ಈ ಆಕ್ಷೇಪವು ನಿಲ್ಲತಕ್ಕುದಲ್ಲ. ಭಾಮಿನಿ ಷಟ್ಪದಿಯ ಮಾತ್ರಾಗಣನಿಯಮವು ಎಲ್ಲ ಕವಿಗಳಿಗೂ ಒಂದೇ. ಆದರೂ ಅದರಿಂದ ಕುಮಾರವ್ಯಾಸನು ಪಡೆದುದನ್ನು ಎಲ್ಲರೂ ಪಡೆಯಲಿಲ್ಲ. ಗೋರಾನ್ ಕೊನ್ಯೆವೋದ್ ಎಂಬ ಗಣಿತಜ್ಞ ಕಲಾವಿದನ ಕೃತಿಗಳಲ್ಲಿಯೂ ಮಡಿಕೆಯು ಅತಿ ಸರಳ. ನಿರಿಗೆಯ ಸ್ಥಾನ, ಅಂತರ, ಅನುಕ್ರಮಗಳ ಆಯ್ಕೆಯಲ್ಲಿಯೇ ಪ್ರತಿಭೆಯೆಲ್ಲ ಅಡಗಿದೆ. ಅನುಕ್ರಮವು ಬದಲಾದರೆ ರೂಪವೂ ಬದಲಾಗುತ್ತದೆ.

ಈ ಕಲೆಗೆ ದೋಷವಿಲ್ಲವೆಂದಲ್ಲ. ನಿರಿಗೆಗಳ ಸಂಖ್ಯೆಯೇ ಬೆರಗಿಗೆ ಕಾರಣವಾದಾಗ ಕೃತಿಯು ಚಿತ್ರಕವಿತ್ವದಂತೆ ಚಮತ್ಕಾರದಲ್ಲಿಯೇ ಮುಗಿಯುತ್ತದೆ. ಬೆಳಕು ನೆರಳುಗಳು ನಿರಿಗೆಯಿಂದ ನಿರಿಗೆಗೆ ಹರಿದು, ಎಣಿಕೆಯು ಮರೆತುಹೋಗಿ, ಒಂದು ಭಾವವು ಉಳಿದಾಗ ಮಾತ್ರ ಅದು ಶಿಲ್ಪ. ಕಲ್ಲಿಗೆ ಒಪ್ಪುವ ಈ ಒರೆಯನ್ನೇ ಕಾಗದಕ್ಕೂ ಹಚ್ಚಬೇಕು. ಉತ್ತಮವಾದ ಕೆಲವು ಕೃತಿಗಳು ಅದರಲ್ಲಿ ಗೆಲ್ಲುತ್ತವೆ.